ಕೇಸು ಕೋರ್ಟಿನಲ್ಲಿ, ತಡ ವಿ.ವಿ. ಕಾನೂನು ಕೋಶದಲ್ಲಿ

ವಿಶ್ವವಿದ್ಯಾಲಯ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಪಾಠ, ಪರೀಕ್ಷೆ, ಘಟಿಕೋತ್ಸವ. ಆಡಳಿತ ಕಟ್ಟಡದ ಒಂದು ಮೂಲೆಯಲ್ಲಿ ‘ಕಾನೂನು ಕೋಶ’ ಅಂತ ಬೋರ್ಡು ಹಾಕಿದ ಕೋಣೆಯೂ ಇರುತ್ತದೆ. ಅಲ್ಲಿ ಎರಡೋ ಮೂರೋ ಮೇಜು, ಕೆಂಪು ದಾರ ಕಟ್ಟಿದ ಕಡತಗಳು, ಒಂದು ಕಂಪ್ಯೂಟರು. ಆ ಕೋಣೆಯ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಅಪರೂಪ. ಕುಲಪತಿ ಯಾರಾಗುತ್ತಾರೆ ಅಂತ ಪುಟಗಟ್ಟಲೆ ಬರುತ್ತದೆ, ಕಾನೂನು ಕೋಶದ ಗುಮಾಸ್ತರ ಕುರ್ಚಿ ಖಾಲಿ ಬಿದ್ದಿದೆ ಅನ್ನುವುದು ಬರುವುದಿಲ್ಲ.

ಆದರೆ ನಮ್ಮ ಹಳ್ಳಿಯ ಒಬ್ಬ ವಿದ್ಯಾರ್ಥಿಗೆ ತಡೆಹಿಡಿದ ಅಂಕಪಟ್ಟಿ ಯಾವಾಗ ಸಿಗುತ್ತದೆ, ನಿವೃತ್ತರಾದ ಅಟೆಂಡರ್ ಒಬ್ಬರಿಗೆ ಬಾಕಿ ಹಣ ಯಾವಾಗ ಬರುತ್ತದೆ, ಅತಿಥಿ ಉಪನ್ಯಾಸಕರ ಅರ್ಜಿಗೆ ಉತ್ತರ ಯಾವಾಗ ಸಿಗುತ್ತದೆ ಅನ್ನುವುದು ಬಹಳ ಮಟ್ಟಿಗೆ ಆ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ತೀರ್ಪು ಬರೆಯುವವರು ನ್ಯಾಯಾಧೀಶರೇ. ಅವರ ಮುಂದೆ ಕಾಗದ ಹೋಗುವುದು ಮಾತ್ರ ಈ ಮೇಜಿನಿಂದ. ಮೇಜು ನಿಧಾನವಾದರೆ ಕೋರ್ಟೂ ಕಾಯಬೇಕು, ನಾವೂ ಕಾಯಬೇಕು.

ಅದಕ್ಕೇ ಈ ಸಲ ನಾವು ಹೇಳುವುದು ಇಷ್ಟು: ವಿಶ್ವವಿದ್ಯಾಲಯಗಳು ಕಾನೂನು ಕೋಶಕ್ಕೆ ಕಾಯಂ ಸಿಬ್ಬಂದಿ ಕೊಡಬೇಕು, ಅದಕ್ಕೆ ಸರಿಯಾದ ಆಯವ್ಯಯ ಮಾಡಬೇಕು, ಆ ಲೆಕ್ಕವನ್ನು ನಮ್ಮೆಲ್ಲರ ಮುಂದೆ ಇಡಬೇಕು. ಇದು ಕಚೇರಿಯವರ ಒಳಗಿನ ವಿಷಯ ಅಂತ ಬಿಟ್ಟರೆ, ಹೊರಗೆ ನಿಂತು ದಂಡ ಕಟ್ಟುವವರು ನಾವೇ.

ಹಳ್ಳಿಯ ಹುಡುಗಿ ಹೈಕೋರ್ಟಿಗೆ ಯಾಕೆ ಹೋಗಬೇಕು?

ಅಂಗಡಿಯಲ್ಲಿ ಕೊಂಡ ಮಿಕ್ಸಿ ಕೆಟ್ಟರೆ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಪರೀಕ್ಷಾ ಶುಲ್ಕ ಕಟ್ಟಿಸಿಕೊಂಡ ವಿ.ವಿ. ತಪ್ಪು ಮಾಡಿದರೆ ಅಲ್ಲಿಗೆ ಯಾಕೆ ಹೋಗಬಾರದು ಅಂತ ಯಾರಿಗಾದರೂ ಅನಿಸುತ್ತದೆ. ಸುಪ್ರೀಂ ಕೋರ್ಟ್ 2009ರಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಈ ಪ್ರಶ್ನೆ ನೋಡಿತು. ಅಲ್ಲಿ ಶಾಲಾ ಪರೀಕ್ಷಾ ಮಂಡಳಿ ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ರೋಲ್ ನಂಬರು ಕೊಟ್ಟುಬಿಟ್ಟಿತ್ತು, ಫಲಿತಾಂಶ ನಿಂತುಹೋಯಿತು. ಪರೀಕ್ಷೆ ನಡೆಸುವುದು ಮಂಡಳಿಯ ಶಾಸನಬದ್ಧ ಕರ್ತವ್ಯ, ಅದು ದುಡ್ಡಿಗೆ ಮಾರುವ ಸೇವೆಯಲ್ಲ, ಹಾಗಾಗಿ ಪರೀಕ್ಷಾರ್ಥಿ ಗ್ರಾಹಕನಲ್ಲ ಎಂದು ಕೋರ್ಟ್ ಹೇಳಿತು. 2010ರಲ್ಲಿ ಹರಿಯಾಣದ ಒಂದು ವಿಶ್ವವಿದ್ಯಾಲಯದ ಪ್ರಕರಣದಲ್ಲೂ ಇದೇ ಮಾತು ಬಂತು.

ಹೀಗಾಗಿ ವಿ.ವಿ.ಯ ಪರೀಕ್ಷೆ, ಫಲಿತಾಂಶದ ಜಗಳ ಹೆಚ್ಚಾಗಿ ಸಂವಿಧಾನದ 226ನೇ ವಿಧಿಯ ಕೆಳಗೆ ರಿಟ್ ಅರ್ಜಿಯಾಗಿ ಹೈಕೋರ್ಟಿಗೆ ಹೋಗುತ್ತದೆ. ನಮ್ಮಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಿಂದ ಹೈಕೋರ್ಟ್ ಪೀಠಗಳಿವೆ, 2013ರಲ್ಲಿ ಅವು ಕಾಯಂ ಆದವು. ಅದಕ್ಕೆ ಮೊದಲು ಬೀದರ್‌ನವರೂ ಬೆಂಗಳೂರಿಗೇ ಹೋಗಬೇಕಿತ್ತು. ಈಗ ದೂರ ಕಡಿಮೆಯಾಗಿದೆ, ಆದರೂ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಕಲಬುರಗಿಗೆ ಹೋಗಿ ವಕೀಲರನ್ನು ಕಂಡು ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ವಾಯಿದೆ ಮುಂದಕ್ಕೆ ಹೋದಷ್ಟೂ ಈ ಖರ್ಚು ಬೆಳೆಯುತ್ತದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಒಂದು ಕಾಗದ ಎಷ್ಟು ಮೇಜು ದಾಟುತ್ತದೆ?

ಈ ವಾಯಿದೆಗಳು ಯಾಕೆ ಮುಂದಕ್ಕೆ ಹೋಗುತ್ತವೆ ಅಂತ ತಿಳಿಯಲು ಒಂದು ಕೇಸಿನ ದಾರಿ ನೋಡೋಣ. ಇದು ಯಾರದೋ ನಿಜವಾದ ಕೇಸಲ್ಲ, ಸಾಮಾನ್ಯವಾಗಿ ಕೆಲಸ ನಡೆಯುವ ಕ್ರಮ.

ಪದವಿ ಮುಗಿಸಿದ ಒಬ್ಬಳು ಹುಡುಗಿಯ ಒಂದು ವಿಷಯದ ಆಂತರಿಕ ಅಂಕ ದಾಖಲಾಗಿಲ್ಲ, ಅಂಕಪಟ್ಟಿ ತಡೆಹಿಡಿದಿದ್ದಾರೆ ಅಂತ ಇಟ್ಟುಕೊಳ್ಳಿ. ಅವಳು ರಿಟ್ ಹಾಕುತ್ತಾಳೆ. ಅರ್ಜಿಯ ಪ್ರತಿ ವಿ.ವಿ.ಯ ಟಪಾಲು ವಿಭಾಗಕ್ಕೆ ಬರುತ್ತದೆ. ಅಲ್ಲಿ ಆವಕ ವಹಿಯಲ್ಲಿ ನಂಬರು ಬಿದ್ದು ಕುಲಸಚಿವರ ಕಚೇರಿಗೆ, ಅಲ್ಲಿಂದ ಕಾನೂನು ಕೋಶಕ್ಕೆ ಹೋಗುತ್ತದೆ. ಕೋಶದ ವಿಷಯ ನಿರ್ವಾಹಕರು ಕಡತ ತೆರೆಯುತ್ತಾರೆ. ಅರ್ಜಿಯಲ್ಲಿ ಹೇಳಿದ ಪ್ರತಿಯೊಂದು ಮಾತಿಗೂ ‘ಹೌದು, ಅಲ್ಲ, ದಾಖಲೆ ಇದು’ ಅಂತ ಉತ್ತರ ಬೇಕು. ಇದಕ್ಕೆ ಕಂಡಿಕೆವಾರು ಟಿಪ್ಪಣಿ ಅನ್ನುತ್ತಾರೆ. ಆ ಉತ್ತರ ಇರುವುದು ಪರೀಕ್ಷಾ ವಿಭಾಗದಲ್ಲಿ. ಆದ್ದರಿಂದ ಕಡತ ಮೌಲ್ಯಮಾಪನ ಕುಲಸಚಿವರ ಕಡೆ ಹೋಗುತ್ತದೆ. ಅವರು ಕಾಲೇಜಿಗೆ ಪತ್ರ ಬರೆಯುತ್ತಾರೆ. ಕಾಲೇಜು ಹಳೆಯ ರಿಜಿಸ್ಟರ್ ಹುಡುಕುತ್ತದೆ.

ಉತ್ತರ ಬಂದ ಮೇಲೆ ಅದನ್ನು ಜೋಡಿಸಿ ವಕೀಲರಿಗೆ ಕಳಿಸಬೇಕು. ಕಡತ ಇರುವುದು ಕನ್ನಡದಲ್ಲಿ, ಹೈಕೋರ್ಟಿನ ವ್ಯವಹಾರ ನಡೆಯುವುದು ಇಂಗ್ಲಿಷಿನಲ್ಲಿ. ಎರಡೂ ಬಲ್ಲವರು ಬೇಕು. ವಕೀಲರು ಆಕ್ಷೇಪಣೆಯ ಕರಡು ಮಾಡಿ ಕಳಿಸುತ್ತಾರೆ. ಅದನ್ನು ದಾಖಲೆಯ ಜೊತೆ ಹೋಲಿಸಿ ನೋಡಬೇಕು. ವಕಾಲತ್ತಿಗೆ, ಪ್ರಮಾಣಪತ್ರಕ್ಕೆ ಅಧಿಕಾರಿಯ ಸಹಿ ಬೇಕು. ಸಾಹೇಬರು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದರೆ ಸಹಿ ಸೋಮವಾರಕ್ಕೆ. ಅಷ್ಟರಲ್ಲಿ ಕೋರ್ಟಿನ ದಿನ ಬಂದಿರುತ್ತದೆ. ವಕೀಲರು ಎದ್ದು ‘ಸೂಚನೆ ಪಡೆಯಲು ಕಾಲಾವಕಾಶ ಬೇಕು’ ಅನ್ನುತ್ತಾರೆ. ವಾಯಿದೆ ಮುಂದಕ್ಕೆ.

ಇಲ್ಲಿ ಯಾರೂ ದುಷ್ಟರಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನಲ್ಲಿ ನಾಲ್ಕೋ ಐದೋ ದಿನ ಇಟ್ಟುಕೊಂಡರು, ಅಷ್ಟೇ. ಎಲ್ಲ ಸೇರಿ ಎರಡು ತಿಂಗಳಾಯಿತು. ಈ ಕಡತ ಇವತ್ತು ಯಾರ ಹತ್ತಿರ ಇದೆ, ನಾಳೆ ಯಾರಿಗೆ ಫೋನ್ ಮಾಡಬೇಕು ಅಂತ ತಲೆಯಲ್ಲಿ ಇಟ್ಟುಕೊಂಡು ಬೆನ್ನು ಹತ್ತುವ ಒಬ್ಬ ಮನುಷ್ಯ ಇದ್ದರೆ ಎರಡು ತಿಂಗಳು ಎರಡು ವಾರಕ್ಕೆ ಇಳಿಯುತ್ತದೆ. ಕಾನೂನು ಕೋಶದ ಆಡಳಿತ ಕೆಲಸ ಅಂದರೆ ಮುಖ್ಯವಾಗಿ ಈ ಬೆನ್ನು ಹತ್ತುವ ಕೆಲಸ.

ತಡಕ್ಕೆ ಕೋರ್ಟು ಏನು ಹೇಳಿದೆ?

ಕಾನೂನಿನಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ಸಿವಿಲ್ ದಾವೆಯಲ್ಲಿ ಪ್ರತಿವಾದಿ 30 ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ. ಹೈಕೋರ್ಟಿನ ಏಕಸದಸ್ಯ ಪೀಠದ ಆದೇಶದ ಮೇಲೆ ಅಲ್ಲಿಯೇ ರಿಟ್ ಮೇಲ್ಮನವಿ ಹಾಕಲು 30 ದಿನ. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು ಸಾಮಾನ್ಯವಾಗಿ 90 ದಿನ. ಇದು ತಪ್ಪಿದರೆ ತಡ ಯಾಕಾಯಿತು ಅಂತ ದಿನ ದಿನದ ಕಾರಣ ಕೊಟ್ಟು ಕ್ಷಮೆ ಕೇಳಬೇಕು.

‘ಸರ್ಕಾರಿ ಕಡತ ನಿಧಾನ ಹೋಗುತ್ತದೆ ಸ್ವಾಮಿ’ ಅನ್ನುವ ಕಾರಣ ಮೊದಲು ನಡೆಯುತ್ತಿತ್ತು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಮೇಲ್ಮನವಿ ತಂದಾಗ ಸುಪ್ರೀಂ ಕೋರ್ಟ್ ಅದನ್ನು ಕೇಳಲಿಲ್ಲ. ಕಾಲಮಿತಿಯ ಕಾನೂನು ಸರ್ಕಾರಕ್ಕೂ ಒಂದೇ, ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಅನ್ನುವುದು ಕಾರಣವಲ್ಲ ಎಂದಿತು. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡ ಮಾಡಿ ಬಂದಿತ್ತು. ದಾಖಲೆ ಸಿಗಲಿಲ್ಲ, ಹೊಂದಿಸಲು ಸಮಯ ಹಿಡಿಯಿತು ಅನ್ನುವುದು ಅವರ ಸಮಜಾಯಿಷಿ. ಕೋರ್ಟು ಅರ್ಜಿ ವಜಾ ಮಾಡಿ 25,000 ರೂಪಾಯಿ ದಂಡ ಹಾಕಿತು, ಆ ದುಡ್ಡನ್ನು ತಡಕ್ಕೆ ಹೊಣೆಯಾದ ಅಧಿಕಾರಿಗಳಿಂದಲೇ ವಸೂಲು ಮಾಡಿ ಎಂದಿತು.

ಈ ಎರಡೂ ಪ್ರಕರಣ ವಿ.ವಿ.ಗಳದ್ದಲ್ಲ. ಆದರೆ ಪಾಠ ವಿ.ವಿ.ಗೂ ಅದೇ. ವಿ.ವಿ. ಪರ ನ್ಯಾಯವಾದ ಅಂಶ ಇದ್ದರೂ ಕಡತ ತಡವಾದರೆ ಅದನ್ನು ಕೇಳುವವರಿಲ್ಲ. ಹಾಗೆ ಕಳೆದುಕೊಳ್ಳುವ ಜಮೀನು, ದುಡ್ಡು ಕುಲಪತಿಗಳದ್ದಲ್ಲ, ಸಾರ್ವಜನಿಕರದ್ದು.

ಇನ್ನೊಂದು ಕಡೆ ನ್ಯಾಯಾಂಗ ನಿಂದನೆ ಇದೆ. ತೀರ್ಪು ಅರ್ಜಿದಾರರ ಪರ ಬಂತು, ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಕೋರ್ಟು ಹೇಳಿತು. ಆದೇಶದ ಪ್ರತಿ ಯಾವುದೋ ಕಡತದೊಳಗೆ ಕೂತುಬಿಟ್ಟಿತು. ಆಗ ಗೆದ್ದವರೇ ಮತ್ತೆ ವಕೀಲರನ್ನು ಹಿಡಿದು ನಿಂದನಾ ಅರ್ಜಿ ಹಾಕಬೇಕು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಾದಾ ಸೆರೆವಾಸ, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಅಧಿಕಾರಿ ಕೋರ್ಟಿನಲ್ಲಿ ನಿಲ್ಲಬೇಕಾದ ದಿನ ಬಂದಾಗ ಕಡತ ರಾತ್ರೋರಾತ್ರಿ ಓಡುತ್ತದೆ. ಹಾಗೆ ಓಡಬಲ್ಲ ಕಡತ ಮೊದಲೇ ಯಾಕೆ ನಡೆಯಲಿಲ್ಲ ಅನ್ನುವುದೇ ನಮ್ಮ ಪ್ರಶ್ನೆ.

ದುಡ್ಡಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಈಗ ಆಯವ್ಯಯಕ್ಕೆ ಬರೋಣ. ವಿ.ವಿ.ಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹಣಕಾಸು ಅಧಿಕಾರಿ ಎಲ್ಲ ವಿಭಾಗಗಳಿಂದ ಬೇಡಿಕೆ ಕೇಳಿ ಆಯವ್ಯಯ ತಯಾರಿಸುತ್ತಾರೆ, ಅದು ಹಣಕಾಸು ಸಮಿತಿ, ಸಿಂಡಿಕೇಟ್ ದಾಟುತ್ತದೆ. ಕಾನೂನು ವೆಚ್ಚಕ್ಕೂ ಒಂದು ಲೆಕ್ಕಶೀರ್ಷಿಕೆ ಇರುತ್ತದೆ. ಅದನ್ನು ತುಂಬುವ ಸುಲಭದ ದಾರಿ ಅಂದರೆ ಹೋದ ವರ್ಷದ ಮೊತ್ತಕ್ಕೆ ನೂರಕ್ಕೆ ಹತ್ತು ಸೇರಿಸಿ ಬರೆಯುವುದು. ಕೇಸುಗಳನ್ನು ಎಣಿಸಿ ಬರೆಯುವುದು ಕಷ್ಟದ ದಾರಿ.

ಎರಡಕ್ಕೂ ಎಷ್ಟು ಅಂತರ ನೋಡಿ. ಇಲ್ಲಿನ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾವು ಹಾಕಿದ್ದು, ಯಾವ ವಿ.ವಿ.ಯದ್ದೂ ಅಲ್ಲ. ಒಂದು ವಿ.ವಿ. ಹೋದ ವರ್ಷ ಕಾನೂನು ವೆಚ್ಚಕ್ಕೆ 8 ಲಕ್ಷ ಇಟ್ಟಿತ್ತು. ನೂರಕ್ಕೆ ಹತ್ತು ಸೇರಿಸಿ ಈ ವರ್ಷ 8 ಲಕ್ಷ 80 ಸಾವಿರ ಇಡುತ್ತದೆ. ಈಗ ಕೇಸು ಎಣಿಸೋಣ. ಈ ವರ್ಷ ಮುಗಿಯಬಹುದಾದ 60 ಕೇಸು, ಒಂದಕ್ಕೆ ವಕೀಲರ ಕೊನೆಯ ಕಂತು 10,000 ಅಂದರೆ 6 ಲಕ್ಷ. ಹೊಸದಾಗಿ ಬರಬಹುದಾದ 40 ಕೇಸು, ಮೊದಲ ಕಂತು 5,000 ಅಂದರೆ 2 ಲಕ್ಷ. ದೃಢೀಕೃತ ನಕಲು, ಟೈಪಿಂಗು, ಅನುವಾದ, ಓಡಾಟ ಸೇರಿ 1 ಲಕ್ಷ. ಇಷ್ಟಾದರೆ 9 ಲಕ್ಷ, ಹೆಚ್ಚುಕಡಿಮೆ ಸರಿಹೋಯಿತು. ಆದರೆ ಐದು ಕೇಸುಗಳಲ್ಲಿ ತೀರ್ಪು ಬಂದು ತಲಾ 4 ಲಕ್ಷ ಬಾಕಿ ಕೊಡಬೇಕಾಗಿದೆ. ಅದು 20 ಲಕ್ಷ. ಒಟ್ಟು 29 ಲಕ್ಷ ಬೇಕಾದಲ್ಲಿ ಇಟ್ಟಿದ್ದು 8 ಲಕ್ಷ 80 ಸಾವಿರ.

ತೀರ್ಪಿನ ಬಾಕಿಯನ್ನು ಯಾವ ಶೀರ್ಷಿಕೆಯಲ್ಲಿ ಇಡಬೇಕು ಅನ್ನುವುದು ಬೇರೆ ಚರ್ಚೆ. ಸಂಬಳದ ಶೀರ್ಷಿಕೆಯಲ್ಲೋ ಪಿಂಚಣಿಯಲ್ಲೋ ಇಡಲಿ. ಎಲ್ಲಿಯೂ ಇಡದಿದ್ದರೆ ಏನಾಗುತ್ತದೆ ಅನ್ನುವುದು ಮುಖ್ಯ. ಆದೇಶ ಬಂದಿದೆ, ಅಧಿಕಾರಿಗೆ ಕೊಡುವ ಮನಸ್ಸೂ ಇದೆ, ಆದರೆ ‘ಅನುದಾನ ಲಭ್ಯವಿಲ್ಲ’ ಅಂತ ಟಿಪ್ಪಣಿ ಹಾಳೆಯಲ್ಲಿ ಬರೆದು ಕಡತ ಹಿಂದಕ್ಕೆ ಬರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ. ಇತ್ತ ಕೋರ್ಟು ಬಡ್ಡಿ ಹಾಕಿದ್ದರೆ ಅದು ಓಡುತ್ತಿರುತ್ತದೆ. 4 ಲಕ್ಷಕ್ಕೆ ನೂರಕ್ಕೆ 8ರಂತೆ ಅಂದರೂ ವರ್ಷಕ್ಕೆ 32,000. ಐದು ಕೇಸಿಗೆ 1 ಲಕ್ಷ 60 ಸಾವಿರ. ಯಾರಿಗೂ ಉಪಯೋಗವಿಲ್ಲದ ಖರ್ಚು ಇದು. ಅದೇ ದುಡ್ಡಿನಲ್ಲಿ ಗ್ರಂಥಾಲಯಕ್ಕೆ ಪುಸ್ತಕ ತರಿಸಬಹುದಿತ್ತು, ಹಾಸ್ಟೆಲಿನ ನಲ್ಲಿ ರಿಪೇರಿ ಮಾಡಿಸಬಹುದಿತ್ತು.

ವಕೀಲರ ಬಿಲ್ಲಿನ ಕಥೆಯೂ ಇಂಥದ್ದೇ. ಬಿಲ್ಲು ಪಾಸಾಗಬೇಕಾದರೆ ಅವರನ್ನು ನೇಮಿಸಿದ ಆದೇಶ, ಕೇಸಿನ ನಂಬರು, ಹಾಜರಾದ ದಿನಗಳು, ಕೋರ್ಟಿನ ಆದೇಶದ ಪ್ರತಿ, ಒಪ್ಪಿಗೆಯಾದ ದರ, ಶೀರ್ಷಿಕೆಯಲ್ಲಿ ದುಡ್ಡಿದೆ ಅನ್ನುವ ದೃಢೀಕರಣ ಎಲ್ಲ ಬೇಕು. ಒಂದು ಕಾಗದ ಇಲ್ಲದಿದ್ದರೂ ಲೆಕ್ಕಪತ್ರ ವಿಭಾಗ ವಾಪಸು ಕಳಿಸುತ್ತದೆ. ಕಳಿಸಲೇಬೇಕು, ಇಲ್ಲದಿದ್ದರೆ ನಾಳೆ ಆಡಿಟ್ ಆಕ್ಷೇಪಣೆ ಬರುತ್ತದೆ. ಬಿಲ್ಲುಗಳನ್ನು ವರ್ಷವಿಡೀ ಕೂಡಿಹಾಕಿ ಮಾರ್ಚ್ ತಿಂಗಳಲ್ಲಿ ಒಟ್ಟಿಗೆ ಕಳಿಸಿದರೆ ಅರ್ಧ ಪಾಸಾಗುತ್ತವೆ, ಉಳಿದವು ಮುಂದಿನ ವರ್ಷಕ್ಕೆ. ವರ್ಷಗಟ್ಟಲೆ ಫೀಸು ಬಾರದ ವಕೀಲರು ನಿಮ್ಮ ಕೇಸನ್ನು ಎಷ್ಟು ಮನಸ್ಸಿಟ್ಟು ನೋಡುತ್ತಾರೆ? ನಮ್ಮ ಹೊಲದಲ್ಲಿ ಕೂಲಿ ಬಾಕಿ ಇಟ್ಟರೆ ಮರುದಿನ ಆಳು ಬರುತ್ತಾರೆಯೇ?

ಆ ಕುರ್ಚಿಯಲ್ಲಿ ಕೂತವರು ಯಾರು?

ರಾಜ್ಯದ ವಿ.ವಿ.ಗಳಲ್ಲಿ ಬೋಧಕೇತರ ಹುದ್ದೆಗಳು ಖಾಲಿ ಬಿದ್ದಿರುವುದು, ಆ ಜಾಗದಲ್ಲಿ ಹೊರಗುತ್ತಿಗೆಯವರು ದುಡಿಯುತ್ತಿರುವುದು ಹೊಸ ಸುದ್ದಿಯಲ್ಲ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳಿಗೆ ಏಳು ಹೊಸ ವಿ.ವಿ. ಕೊಟ್ಟರು. 2025ರ ಹೊತ್ತಿಗೆ ಹೊಸ ವಿ.ವಿ.ಗಳಲ್ಲಿ ಹಲವನ್ನು ಮುಚ್ಚಬೇಕೆ ಅನ್ನುವ ಚರ್ಚೆ ಸಂಪುಟ ಉಪಸಮಿತಿಯವರೆಗೆ ಬಂತು, ಕಾರಣ ದುಡ್ಡು ಮತ್ತು ಸೌಲಭ್ಯದ ಕೊರತೆ. ಇಂಥ ಸ್ಥಿತಿಯಲ್ಲಿ ಕಾನೂನು ಕೋಶಕ್ಕೆ ಪೂರ್ಣಾವಧಿ ಸಿಬ್ಬಂದಿ ಕೇಳಿದರೆ ‘ಪಾಠ ಮಾಡುವವರೇ ಇಲ್ಲ, ಇದೆಲ್ಲಿಂದ ತರೋಣ’ ಅನ್ನುತ್ತಾರೆ.

ಹೊರಗುತ್ತಿಗೆಯ ಒಬ್ಬ ಡಾಟಾ ಎಂಟ್ರಿ ಆಪರೇಟರ್ ಇನ್ನೊಬ್ಬ ಹೊರಗುತ್ತಿಗೆ ನೌಕರನ ಸೇವಾ ಕಾಯಮಾತಿ ಅರ್ಜಿಗೆ ‘ಇವರಿಗೆ ಯಾವ ಹಕ್ಕೂ ಇಲ್ಲ’ ಅಂತ ಉತ್ತರ ಟೈಪು ಮಾಡುವ ಪರಿಸ್ಥಿತಿ ಯೋಚಿಸಿ. ಆ ಉತ್ತರದಲ್ಲಿ ಮೊದಲು ಬರುವ ಹೆಸರು 2006ರ ಉಮಾದೇವಿ ಪ್ರಕರಣ. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುವಂತಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಅದೇ ತೀರ್ಪಿನಲ್ಲಿ, ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲಕ್ಕೆ ಪರಿಗಣಿಸಿ ಎಂದೂ ಇದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ದಶಕಗಟ್ಟಲೆ ದುಡಿಸಿಕೊಂಡವರ ನ್ಯಾಯವಾದ ಬೇಡಿಕೆ ತಳ್ಳಲು ಉಮಾದೇವಿ ತೀರ್ಪನ್ನು ಗುರಾಣಿಯ ಹಾಗೆ ಬಳಸಬೇಡಿ ಎಂದು ಸಂಸ್ಥೆಗಳಿಗೆ ಎಚ್ಚರಿಸಿದೆ. ಹಳೆಯ ಉತ್ತರವನ್ನೇ ನಕಲು ಮಾಡಿ ಅಂಟಿಸುವ ಕೋಶಕ್ಕೆ ಈ ಬದಲಾವಣೆ ಗೊತ್ತಾಗುವುದು ಕೇಸು ಸೋತ ಮೇಲೆ. ಓದುವ, ತಿಳಿದುಕೊಳ್ಳುವ ಸಮಯ ಇರುವ ಸಿಬ್ಬಂದಿ ಇದ್ದರೆ ಮೊದಲೇ ಗೊತ್ತಾಗುತ್ತದೆ.

ಗುತ್ತಿಗೆಯವರು ಕೆಲಸಗಳ್ಳರು ಅಂತ ನಾವು ಹೇಳುತ್ತಿಲ್ಲ. ಎಷ್ಟೋ ಕಡೆ ಕಚೇರಿ ನಡೆಯುತ್ತಿರುವುದೇ ಅವರಿಂದ. ಆದರೆ ಕೇಸು ಐದು ವರ್ಷ ನಡೆಯುತ್ತದೆ, ಗುತ್ತಿಗೆ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಏಜೆನ್ಸಿ ಬದಲಾದರೆ ಮನುಷ್ಯ ಬದಲಾಗುತ್ತಾನೆ. ಅವನ ಜೊತೆ ಆ ಕೇಸಿನ ನೆನಪೂ ಹೋಗುತ್ತದೆ. ಅವನ ಸಂಬಳವೇ ಮೂರು ತಿಂಗಳಿಂದ ಬಾರದಿದ್ದಾಗ ನಮ್ಮ ಕಡತದ ವಾಯಿದೆ ನೆನಪಿಡು ಅಂತ ಯಾವ ಬಾಯಿಂದ ಕೇಳುವುದು?

‘ದುಡ್ಡಿಲ್ಲ’ ಅನ್ನುವ ಮಾತಿಗೆ ನಮ್ಮ ಉತ್ತರ

ಹಳೆಯ ವಿ.ವಿ.ಗಳಿಗೆ ಪಿಂಚಣಿಯ ಹೊರೆ ಇದೆ, ಹೊಸ ವಿ.ವಿ.ಗಳಿಗೆ ಕಟ್ಟಡವೇ ಇಲ್ಲ. ಇದು ನಿಜ. ಆದರೆ ಕಾನೂನು ಕೋಶದಲ್ಲಿ ಉಳಿಸಿದ ದುಡ್ಡು ಬಡ್ಡಿಯಾಗಿ, ದಂಡವಾಗಿ, ಸೋತ ಆಸ್ತಿಯಾಗಿ ಹೊರಗೆ ಹೋಗುತ್ತದೆ. ಅದು ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ, ಅದಕ್ಕೇ ಯಾರಿಗೂ ನೋವಾಗುವುದಿಲ್ಲ.

ಇನ್ನು ಕೆಲವರು ಉಲ್ಟಾ ಹೇಳುತ್ತಾರೆ: ಕಾನೂನು ಕೋಶಕ್ಕೆ ಬಲ ಕೊಟ್ಟರೆ ವಿ.ವಿ. ತನ್ನ ವಿದ್ಯಾರ್ಥಿಗಳ ಮೇಲೆ, ನೌಕರರ ಮೇಲೆ ಇನ್ನೂ ಜೋರಾಗಿ ಜಗಳಕ್ಕೆ ನಿಲ್ಲುತ್ತದೆ ಅಂತ. ಈ ಭಯ ಸುಳ್ಳಲ್ಲ. ಅದಕ್ಕೇ ಬರೀ ದುಡ್ಡು ಕೊಟ್ಟರೆ ಸಾಲದು, ಕೆಲಸದ ರೀತಿಯೂ ಬದಲಾಗಬೇಕು. ಪ್ರತಿ ಸೋಲಿಗೂ ಮೇಲ್ಮನವಿ ಹಾಕುವುದು ಇವತ್ತು ಅಧಿಕಾರಿಗೆ ಸುರಕ್ಷಿತ ದಾರಿ. ಒಪ್ಪಿಕೊಂಡು ದುಡ್ಡು ಕೊಟ್ಟರೆ ‘ಯಾಕೆ ಕೊಟ್ಟಿರಿ’ ಅಂತ ಆಡಿಟ್ ಕೇಳಬಹುದು. ಮೇಲ್ಮನವಿ ಹಾಕಿ ಸೋತರೆ ಕೇಳುವವರು ಕಡಿಮೆ. ಈ ಭಯ ಹೋಗಬೇಕಾದರೆ ಮೇಲ್ಮನವಿಗೆ ಮೊದಲು ಒಂದು ಪುಟದ ವೆಚ್ಚದ ಟಿಪ್ಪಣಿ ಸಿಂಡಿಕೇಟಿನ ಮುಂದೆ ಬರಬೇಕು. ಈಗ ಒಪ್ಪಿದರೆ ಎಷ್ಟು, ಮೂರು ವರ್ಷ ನಡೆಸಿ ಸೋತರೆ ಎಷ್ಟು, ಇಂಥದ್ದೇ ಕೇಸುಗಳಲ್ಲಿ ಹಿಂದೆ ಏನಾಗಿದೆ ಅನ್ನುವ ಮೂರು ಸಾಲು ಸಾಕು. ಆ ಟಿಪ್ಪಣಿ ಬರೆಯಬಲ್ಲವರು ಕೇಸೂ ಬಲ್ಲ, ಲೆಕ್ಕವೂ ಬಲ್ಲ ಈ ಕೋಶದ ಸಿಬ್ಬಂದಿ ಮಾತ್ರ.

ಜಗಳ ಕೋರ್ಟಿಗೆ ಹೋಗದ ಹಾಗೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ. ಯುಜಿಸಿ 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿದೆ. ಪ್ರತಿ ಸಂಸ್ಥೆಯಲ್ಲಿ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ ವಿ.ವಿ. ನೇಮಿಸಿದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ದಾಖಲೆ ತಡೆಹಿಡಿಯುವುದು, ಫಲಿತಾಂಶ ತಡ ಮಾಡುವುದು ಎಲ್ಲ ಇದರೊಳಗೆ ಬರುತ್ತದೆ. ಮೇಲೆ ಹೇಳಿದ ಹುಡುಗಿಯ ಅಂಕಪಟ್ಟಿ ಇಲ್ಲಿಯೇ ಮುಗಿಯಬೇಕಾದ ವಿಷಯ. ಆ ಸಮಿತಿಗೆ ಕಾಗದ ಜೋಡಿಸಿ ಕೊಡುವವರು ಇದ್ದರೆ ಮುಗಿಯುತ್ತದೆ ಕೂಡ.

ನಾವು ಕೇಳುವುದು ಐದು

ಒಂದು, ಪ್ರತಿ ವಿ.ವಿ.ಯ ಕಾನೂನು ಕೋಶದಲ್ಲಿ ಒಬ್ಬರು ಪೂರ್ಣಾವಧಿ ಕಾನೂನು ಅಧಿಕಾರಿ, ಕನಿಷ್ಠ ಇಬ್ಬರು ಕಾಯಂ ವಿಷಯ ನಿರ್ವಾಹಕರು. ವರ್ಗವಾದರೆ ಕೇಸುಗಳ ಪಟ್ಟಿಯನ್ನು ಸಹಿ ಹಾಕಿ ಹಸ್ತಾಂತರಿಸಬೇಕು.

ಎರಡು, ಒಂದೇ ವಾಯಿದೆ ಪುಸ್ತಕ. ಕೇಸಿನ ನಂಬರು, ಮುಂದಿನ ದಿನ, ಬೇಕಾದ ಕಾಗದ, ಅದು ಯಾರ ಮೇಜಿನಲ್ಲಿದೆ, ಯಾವತ್ತಿನಿಂದ ಇದೆ. ಪ್ರತಿ ಸೋಮವಾರ ಕುಲಸಚಿವರು ಅದನ್ನು ನೋಡಬೇಕು.

ಮೂರು, ಆಯವ್ಯಯದಲ್ಲಿ ವಕೀಲರ ಫೀಸು, ಕೋರ್ಟಿನ ಇತರ ಖರ್ಚು, ತೀರ್ಪು ಜಾರಿಯ ಬಾಕಿ, ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ, ಕೇಸು ಎಣಿಸಿ ಇಡಬೇಕು. ಫೀಸಿನ ಬಿಲ್ಲನ್ನು ಮೂರು ತಿಂಗಳಿಗೊಮ್ಮೆ ತೀರಿಸಬೇಕು.

ನಾಲ್ಕು, ಮೇಲ್ಮನವಿಗೆ ಮೊದಲು ವೆಚ್ಚದ ಟಿಪ್ಪಣಿ ಕಡ್ಡಾಯ.

ಐದು, ಆರು ತಿಂಗಳಿಗೊಮ್ಮೆ ವಿ.ವಿ.ಯ ಜಾಲತಾಣದಲ್ಲಿ ಕನ್ನಡದಲ್ಲಿ ಒಂದು ಪುಟ: ಒಟ್ಟು ಕೇಸು ಎಷ್ಟು, ಯಾವ ಯಾವ ವಿಷಯದ್ದು, ಎಷ್ಟು ಗೆದ್ದರು, ಎಷ್ಟು ಸೋತರು, ಎಷ್ಟು ಖರ್ಚಾಯಿತು. ಹೆಸರು ಹಾಕುವುದು ಬೇಡ, ಲೆಕ್ಕ ಸಾಕು.

ನೀವು ಫೋನು ಹಿಡಿದು ಮಾಡಬಹುದಾದ್ದು

ನಿಮ್ಮದೋ ನಿಮ್ಮ ಮನೆಯವರದೋ ಕೇಸು ಇದ್ದರೆ ಅದರ ಸಿ.ಎನ್.ಆರ್. ಸಂಖ್ಯೆಯನ್ನು ವಕೀಲರಿಂದ ಬರೆದಿಟ್ಟುಕೊಳ್ಳಿ. ಅದು 16 ಅಕ್ಷರ-ಅಂಕಿಗಳ ಗುರುತು. ‘ಇಕೋರ್ಟ್ಸ್ ಸರ್ವಿಸಸ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನ ಯಾವುದು, ಹಿಂದಿನ ದಿನ ಏನಾಯಿತು ಅನ್ನುವುದು ಕಾಣುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100 ನಂಬರಿಗೆ ಫೋನ್ ಮಾಡಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಉತ್ತರಪತ್ರಿಕೆಯದೇ ಅನುಮಾನವಿದ್ದರೆ ಮೊದಲು ಅದನ್ನು ನೋಡಿ. ನಿಮ್ಮ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೇಸು ಇಲ್ಲದವರೂ ಒಂದು ಕೆಲಸ ಮಾಡಬಹುದು. ನಿಮ್ಮ ಜಿಲ್ಲೆಯ ವಿ.ವಿ.ಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಲಿ. ಹೀಗೆ ಬರೆದರೆ ಸಾಕು: ‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಮ್ಮ ವಿಶ್ವವಿದ್ಯಾಲಯದ ಕಾನೂನು ವೆಚ್ಚಕ್ಕೆ ಪ್ರತಿ ವರ್ಷ ಆಯವ್ಯಯದಲ್ಲಿ ಒದಗಿಸಿದ ಮೊತ್ತ, ಖರ್ಚಾದ ಮೊತ್ತ, ವರ್ಷದ ಕೊನೆಗೆ ಪಾವತಿಯಾಗದೆ ಉಳಿದ ವಕೀಲರ ಬಿಲ್ಲುಗಳ ಮೊತ್ತ, ಬಾಕಿ ಇರುವ ಪ್ರಕರಣಗಳ ಸಂಖ್ಯೆ, ನ್ಯಾಯಾಂಗ ನಿಂದನೆ ಪ್ರಕರಣಗಳ ಸಂಖ್ಯೆ, ಕಾನೂನು ಕೋಶಕ್ಕೆ ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳ ಸಂಖ್ಯೆ ತಿಳಿಸಿ.’ 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ವಿ.ವಿ.ಯ ಮೇಲಧಿಕಾರಿಗೆ.

ಬಂದ ಉತ್ತರ ನಮಗೂ ಕಳಿಸಿ. ಬೀದರಿನಿಂದ ಚಾಮರಾಜನಗರದವರೆಗಿನ ವಿ.ವಿ.ಗಳ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿ ಇಲ್ಲಿಯೇ ಹಾಕುತ್ತೇವೆ. ಯಾವ ವಿ.ವಿ.ಯಲ್ಲಿ ಆ ಕುರ್ಚಿ ಖಾಲಿ ಇದೆ, ಅದಕ್ಕೆ ನಾವೆಲ್ಲ ಎಷ್ಟು ಬಡ್ಡಿ ಕಟ್ಟುತ್ತಿದ್ದೇವೆ ಅನ್ನುವುದು ಆಗ ಎಲ್ಲರಿಗೂ ಕಾಣಲಿ. ಮುಂದಿನ ಆಯವ್ಯಯದ ಸಿಂಡಿಕೇಟ್ ಸಭೆಗೆ ಮೊದಲು ಆ ಪಟ್ಟಿ ಸದಸ್ಯರ ಕೈಗೆ ತಲುಪಿಸುವುದು ನಮ್ಮ ಜವಾಬ್ದಾರಿ.